ಆನೆಯ ಜೀವಕೋಶ ಎಷ್ಟು ದೊಡ್ಡದು?

ಆನೆ ದೊಡ್ಡದು, ಹಾಗಾಗಿ ಅದರ ಜೀವಕೋಶವೂ ದೊಡ್ಡದೇ ಇರಬೇಕು ಅಂತ ಹೆಚ್ಚಿನವರು ಅಂದುಕೊಂಡಿರುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಅಕ್ಕನ ಮಗಳು ಪಿಯುಸಿ ಸೈನ್ಸ್ ಸೇರಿದ ಮೇಲೆ ನೇರವಾಗಿ ಕೇಳಿಯೇಬಿಟ್ಟಳು: "ಚಿಕ್ಕಮ್ಮಾ, ದುಬಾರೆ ಆನೇದೂ ನಮ್ಮ ಅಟ್ಟದ ಇಲೀದೂ ಜೀವಕೋಶ ಒಂದೇ ಸೈಜಾ?"

ಹೆಚ್ಚುಕಡಿಮೆ ಹೌದು. ಆನೆಯ ಕೆಂಪು ರಕ್ತಕಣದ ಅಗಲ ಸುಮಾರು 9 ಮೈಕ್ರಾನ್. ನಮ್ಮದು 7ರಿಂದ 8. ಇಲಿಯದ್ದು 6ರ ಆಸುಪಾಸು. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಾಲ್ಕು ಟನ್ ತೂಗುವ ಸಲಗಕ್ಕೂ ಅಕ್ಕಿ ಮೂಟೆಗೆ ತೂತು ಹಾಕುವ ಇಲಿಗೂ ಈ ವಿಷಯದಲ್ಲಿ ಇರುವ ವ್ಯತ್ಯಾಸ ಇಷ್ಟೇ. ಇನ್ನೂ ತಮಾಷೆ ಅಂದರೆ, ಮಳೆಗಾಲದಲ್ಲಿ ಗದ್ದೆಯಲ್ಲಿ ವಟಗುಟ್ಟುವ ಕಪ್ಪೆಯ ರಕ್ತಕಣ ಆನೆಯದ್ದಕ್ಕಿಂತ ದೊಡ್ಡದು. ಮೊಟ್ಟೆಯಾಕಾರದ ಅದರ ಉದ್ದ 20 ಮೈಕ್ರಾನಿನಷ್ಟು, ಮಧ್ಯದಲ್ಲಿ ಡಿಎನ್ಎ ಇಟ್ಟುಕೊಂಡ ಕೋಶಕೇಂದ್ರ ಬೇರೆ ಕೂತಿರುತ್ತದೆ. ನಮ್ಮ ಕೆಂಪು ಕಣಗಳು, ಆನೆಯವೂ ಸೇರಿ, ಬೆಳೆಯುವಾಗಲೇ ಕೋಶಕೇಂದ್ರವನ್ನು ಹೊರಗೆ ಹಾಕಿಬಿಡುತ್ತವೆ.

ಹಾಗಾದರೆ ಆನೆ ಅಷ್ಟು ದೊಡ್ಡದಾಗುವುದು ಹೇಗೆ? ಕೋಶಗಳ ಎಣಿಕೆಯಿಂದ. 70 ಕಿಲೋ ತೂಕದ ಮನುಷ್ಯನ ಮೈಯಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ ಅನ್ನುವುದು 2016ರಲ್ಲಿ ಪ್ರಕಟವಾದ ಒಂದು ಲೆಕ್ಕ. ಅದರಲ್ಲಿ ಹತ್ತಕ್ಕೆ ಎಂಟಕ್ಕಿಂತ ಜಾಸ್ತಿ ಬರೀ ಕೆಂಪು ರಕ್ತಕಣಗಳೇ. ಆನೆಗೆ ಇದರ ಐವತ್ತು ಅರವತ್ತು ಪಟ್ಟು ಅಂತ ಇಟ್ಟುಕೊಳ್ಳಿ. ಗಾತ್ರ ಹೆಚ್ಚುಕಡಿಮೆ ಒಂದೇ ಅನ್ನುವ ಮಾತಿಗೆ ಹೊಂದದ ಕೋಶಗಳೂ ಇವೆ. ಕೊಬ್ಬಿನ ಕೋಶ, ನರಕೋಶ ಇವೆಲ್ಲ ದೊಡ್ಡ ಪ್ರಾಣಿಗಳಲ್ಲಿ ಕೊಂಚ ದೊಡ್ಡದಾಗುತ್ತವೆ. ಆನೆಯ ಪಾದದವರೆಗೆ ಹೋಗುವ ನರಕೋಶದ ಎಳೆ ಮೀಟರುಗಟ್ಟಲೆ ಉದ್ದ. ಆದರೆ ದಪ್ಪ? ಅದು ಮತ್ತೆ ಮೈಕ್ರಾನ್ ಲೆಕ್ಕದಲ್ಲೇ.

ಈ ಎಣಿಕೆಯ ಹಿಂದೆ ಒಂದು ಒಗಟು ಇದೆ. ಕೋಶ ಜಾಸ್ತಿ ಇದ್ದಷ್ಟೂ ಯಾವುದೋ ಒಂದು ಹಾದಿ ತಪ್ಪಿ ಕ್ಯಾನ್ಸರ್ ಆಗುವ ಸಾಧ್ಯತೆಯೂ ಜಾಸ್ತಿ ಇರಬೇಕಲ್ವಾ? ಆದರೆ ಆನೆಗಳಿಗೆ ಕ್ಯಾನ್ಸರ್ ಬರುವುದು ನಮಗಿಂತ ಕಡಿಮೆ. ದೇಹದ ಗಾತ್ರಕ್ಕೂ ಕ್ಯಾನ್ಸರಿಗೂ ತಾಳೆಯಾಗುತ್ತಿಲ್ಲ ಅಂತ ಇಂಗ್ಲೆಂಡಿನ ರಿಚರ್ಡ್ ಪೀಟೋ 1977ರಲ್ಲೇ ಎತ್ತಿ ತೋರಿಸಿದ್ದರು. ಉತ್ತರದ ಒಂದು ತುಂಡು ಸಿಕ್ಕಿದ್ದು 2015ರಲ್ಲಿ. ಕೆಟ್ಟುಹೋದ ಕೋಶವನ್ನು ಗುರುತಿಸಿ ಮುಗಿಸಿಬಿಡುವ ಟಿಪಿ53 ಅನ್ನುವ ಜೀನ್ ನಮ್ಮಲ್ಲಿ ಒಂದು ಜೊತೆ ಇದ್ದರೆ ಆನೆಯಲ್ಲಿ ಸುಮಾರು 20 ಜೊತೆ ಇದೆ. ಮನುಷ್ಯನ ಕೋಶ ರಿಪೇರಿ ಮಾಡಿಕೊಂಡು ಮುಂದುವರಿಯಲು ನೋಡುವ ಕಡೆ, ಆನೆಯ ಕೋಶ ಬೇಗ ಸಾಯಲು ಒಪ್ಪಿಕೊಳ್ಳುತ್ತದೆ.

ಸರಿ, ಕೋಶ ಯಾಕೆ ಚಿಕ್ಕದಾಗಿಯೇ ಇರಬೇಕು? ಇಲ್ಲಿ ಸ್ವಲ್ಪ ಲೆಕ್ಕ ಬರುತ್ತದೆ, ಓಡಿಹೋಗಬೇಡಿ. ಒಂದೊಂದು ಬದಿಯೂ 10 ಮೈಕ್ರಾನ್ ಇರುವ ಒಂದು ಡಬ್ಬ ತೆಗೆದುಕೊಳ್ಳಿ. ಅದರ ಹೊರಮೈ 600 ಚದರ ಮೈಕ್ರಾನ್, ಒಳಗಿನ ಜಾಗ 1000 ಘನ ಮೈಕ್ರಾನ್. ಬದಿಯನ್ನು 20 ಮಾಡಿ. ಹೊರಮೈ 2400 ಆಗುತ್ತದೆ, ಒಳಜಾಗ ಮಾತ್ರ 8000ಕ್ಕೆ ಹಾರುತ್ತದೆ. ಅಂದರೆ ಒಳಗೆ ಉಣ್ಣುವ ಬಾಯಿ ಎಂಟು ಪಟ್ಟು, ಊಟ ಬರುವ ಬಾಗಿಲು ನಾಲ್ಕೇ ಪಟ್ಟು. ಹಿಗ್ಗಿದಷ್ಟೂ ಹೊಟ್ಟೆಗೆ ಸಾಲದು.

ಅದಕ್ಕಿಂತ ದೊಡ್ಡ ತಲೆನೋವು ದೂರದ್ದು. ಕೋಶದೊಳಗೆ ಆಮ್ಲಜನಕ ಹೋಗುವುದು ಸುಮ್ನೆ ಹರಡಿಕೊಂಡು. ಯಾರೂ ತಳ್ಳುವುದಿಲ್ಲ. ನೀರಿನಲ್ಲಿ 10 ಮೈಕ್ರಾನ್ ಹರಡಲು ಅದಕ್ಕೆ ಸೆಕೆಂಡಿನ ಚೂರುಪಾರು ಸಾಕು. ಒಂದು ಮಿಲಿಮೀಟರಿಗೆ ಕೆಲವು ನಿಮಿಷ ಬೇಕು. ಒಂದು ಸೆಂಟಿಮೀಟರಿಗೆ ಗಂಟೆಗಟ್ಟಲೆ. ದೂರ ಹತ್ತು ಪಟ್ಟಾದರೆ ಸಮಯ ನೂರು ಪಟ್ಟಾಗುತ್ತದೆ, ಅದೇ ಇಲ್ಲಿನ ತೊಂದರೆ. ಬೇವಿನಕಾಯಿಯಷ್ಟು ದಪ್ಪದ, ಒಳಗೆಲ್ಲ ಜೀವರಸವೇ ತುಂಬಿದ ಕೋಶ ಇದ್ದರೆ ಅದರ ನಡುಭಾಗ ಉಸಿರುಕಟ್ಟಿ ಸಾಯುತ್ತದೆ.

ನನಗೆ ಇದರಿಂದ ಅನ್ನಿಸಿದ್ದು ಒಂದು ವಿಷಯ. ಜೀವ ಯಾವತ್ತೂ ತೆಳ್ಳಗೇ ಇರುತ್ತದೆ. ಎಲ್ಲಾದರೂ ದಪ್ಪ ಕಂಡರೆ ಒಳಗೆ ಏನೋ ಗುಟ್ಟಿದೆ ಅಂತ ಅರ್ಥ. ಆ ಗುಟ್ಟು ಹುಡುಕುವುದೇ ಒಂದು ಚಟವಾಗಿಬಿಟ್ಟಿದೆ ನನಗೆ.

ಅಳತೆಯ ಅಂದಾಜು ಸಿಗದೆ ಮುಂದೆ ಹೋದರೆ ಪ್ರಯೋಜನವಿಲ್ಲ. ಎಲ್ಲವನ್ನೂ 2500 ಪಟ್ಟು ದೊಡ್ಡದು ಮಾಡೋಣ. ಆಗ 2 ಮೈಕ್ರಾನಿನ ಒಂದು ಸಾಮಾನ್ಯ ಬ್ಯಾಕ್ಟೀರಿಯಾ ಒಂದು ಕಾಳುಮೆಣಸಿನಷ್ಟಾಗುತ್ತದೆ. ಹಿಟ್ಟು ಉಬ್ಬಿಸುವ ಯೀಸ್ಟ್ ಒಂದು ಕಾಫಿ ಹಣ್ಣಿನಷ್ಟು. ನಮ್ಮ ರಕ್ತಕಣ ರೂಪಾಯಿ ನಾಣ್ಯಕ್ಕಿಂತ ತುಸು ಚಿಕ್ಕದು, ಅರ್ಧ ಸೆಂಟಿಮೀಟರ್ ದಪ್ಪ, ನಡುವೆ ತಗ್ಗು. ಕಾಫಿ ಎಲೆಯ ಅಡಿಯಲ್ಲಿ ಪುಡಿ ಪುಡಿಯಾಗಿ ಕೂರುವ ತುಕ್ಕು ರೋಗದ ಬೀಜಕಣ, ಅದು 30 ಮೈಕ್ರಾನ್ ಆಸುಪಾಸು, ಒಂದು ಕೊಡಗಿನ ಕಿತ್ತಳೆಯಷ್ಟಾಗುತ್ತದೆ. ಬಣ್ಣವೂ ಹೆಚ್ಚುಕಡಿಮೆ ಅದೇ. 50 ಮೈಕ್ರಾನಿನ ಗಿಡದ ಕೋಶ ಒಂದು ಸುಲಿದ ತೆಂಗಿನಕಾಯಿ. ಮನುಷ್ಯರ ಅಂಡಾಣು, ಕಾಲು ಮೀಟರ್ ಅಡ್ಡಗಲದ ಚಿಕ್ಕ ಹಲಸು. ಈ ಅಳತೆಯಲ್ಲಿ ನಾವು? ನಾಲ್ಕು ಕಿಲೋಮೀಟರ್ ಎತ್ತರ. ಕೊಡಗಿನ ತಡಿಯಂಡಮೋಳ್ ಬೆಟ್ಟ ಇರುವುದು 1748 ಮೀಟರ್, ನಮ್ಮ ಸೊಂಟಕ್ಕೂ ಬರುವುದಿಲ್ಲ.

ಮೈಯಲ್ಲಿ ನಮ್ಮದೇ ಕೋಶ 30 ಲಕ್ಷ ಕೋಟಿ ಅಂದೆನಲ್ಲ, ಅದೇ ಲೆಕ್ಕದಲ್ಲಿ ನಮ್ಮೊಳಗಿನ ಬ್ಯಾಕ್ಟೀರಿಯಾ 38 ಲಕ್ಷ ಕೋಟಿ. ಎಣಿಕೆಯಲ್ಲಿ ನಮಗಿಂತ ಮುಂದೆ. ತೂಕ ಹಾಕಿದರೆ ಎಲ್ಲ ಸೇರಿ ಕಾಲು ಕಿಲೋ ಕೂಡ ಆಗುವುದಿಲ್ಲ.

ಕಾಳುಮೆಣಸಿನ ಹೆಸರು ಸುಮ್ನೆ ಎತ್ತಲಿಲ್ಲ. ಬ್ಯಾಕ್ಟೀರಿಯಾ ಅನ್ನುವುದು ಮನುಷ್ಯನ ಕಣ್ಣಿಗೆ ಬಿದ್ದದ್ದರಲ್ಲಿ ಮೆಣಸಿನ ಪಾತ್ರ ದೊಡ್ಡದು. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್‌ಗೆ ಮೆಣಸು ಯಾಕೆ ಖಾರ ಅಂತ ಒಂದು ಕುತೂಹಲ. ಕಣ್ಣಿಗೆ ಕಾಣದ ಮುಳ್ಳುಗಳಿದ್ದು ನಾಲಗೆಗೆ ಚುಚ್ಚುತ್ತವೋ ಏನೋ ಅಂತ ಅವನ ಊಹೆ. ಮೆಣಸನ್ನು ನೀರಲ್ಲಿ ನೆನೆಹಾಕಿಟ್ಟ. ವಾರಗಳು ಕಳೆದ ಮೇಲೆ, 1676ರ ಏಪ್ರಿಲ್‌ನಲ್ಲಿ, ತಾನೇ ಉಜ್ಜಿ ಮಾಡಿದ ಒಂಟಿ ಲೆನ್ಸಿನಲ್ಲಿ ಆ ನೀರನ್ನು ನೋಡಿದರೆ ಮುಳ್ಳು ಇಲ್ಲ, ಬದಲಿಗೆ ಲೆಕ್ಕವಿಲ್ಲದಷ್ಟು ಜೀವಿಗಳು ಓಡಾಡುತ್ತಿವೆ! ಅದೇ ಅಕ್ಟೋಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಡಚ್ ಭಾಷೆಯಲ್ಲೇ ಉದ್ದದ ಪತ್ರ ಬರೆದ. ಅವನಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಅಲ್ಲಿನವರು ಸುಲಭಕ್ಕೆ ನಂಬಲಿಲ್ಲ. ಕೊನೆಗೆ ರಾಬರ್ಟ್ ಹುಕ್ 1677ರ ನವೆಂಬರಿನಲ್ಲಿ ತಾನೇ ಮೆಣಸಿನ ನೀರು ಮಾಡಿ ಸಭೆಗೆ ತೋರಿಸಿದ ಮೇಲೆ ಒಪ್ಪಿಕೊಂಡರು. ಆ ಕಾಲಕ್ಕೆ ಕೊಚ್ಚಿ ಡಚ್ಚರ ಕೈಯಲ್ಲಿತ್ತು, 1663ರಲ್ಲಿ ಪೋರ್ಚುಗೀಸರಿಂದ ಕಿತ್ತುಕೊಂಡಿದ್ದರು. ಮಲಬಾರಿನ ಮೆಣಸು ಹಡಗು ಹಡಗಾಗಿ ಹಾಲೆಂಡಿಗೆ ಹೋಗುತ್ತಿತ್ತು. ನಮ್ಮ ಘಟ್ಟದ ಬಳ್ಳಿಯ ಕಾಳೇ ಆ ಬಟ್ಟಲಿನಲ್ಲಿತ್ತು ಅಂತ ಅಂದುಕೊಳ್ಳುವುದು ನನಗೆ ಇಷ್ಟ.

ಅಂದಹಾಗೆ ಖಾರದ ಕಾರಣ ಪೈಪರಿನ್ ಅನ್ನುವ ವಸ್ತು. ಅದನ್ನು 1819ರಲ್ಲಿ ಬೇರ್ಪಡಿಸಿದ್ದು ಡೆನ್ಮಾರ್ಕಿನ ಅರ್‌ಸ್ಟೆಡ್, ಮಾರನೇ ವರ್ಷ ವಿದ್ಯುತ್ ಹರಿಯುವ ತಂತಿಯ ಪಕ್ಕ ದಿಕ್ಸೂಚಿಯ ಮುಳ್ಳು ಅಲುಗುವುದನ್ನು ಕಂಡುಹಿಡಿದನಲ್ಲ, ಅವನೇ. ನಾಲಗೆಯ ನರಕೋಶದ ಪೊರೆಯಲ್ಲಿ ಬಿಸಿ ಗುರುತಿಸುವ ಒಂದು ಪ್ರೋಟೀನ್ ಇದೆ, ಪೈಪರಿನ್ ಹೋಗಿ ಅದನ್ನು ತಟ್ಟಿ ಎಬ್ಬಿಸುತ್ತದೆ. ಮೆಣಸಿನ ಸಾರು ಕುಡಿದಾಗ ಬೆಚ್ಚಗಾಗುವುದು ಅದಕ್ಕೇ.

ಬ್ಯಾಕ್ಟೀರಿಯಾದ ಒಳಗೆ ಹೇಳಿಕೊಳ್ಳುವಂಥ ಕೋಣೆಗಳಿಲ್ಲ. ಕೋಶಕೇಂದ್ರ ಇಲ್ಲ, ಡಿಎನ್ಎ ಹಾಗೇ ಸುರುಳಿಯಾಗಿ ಬಿದ್ದಿರುತ್ತದೆ. ಹೊರಗೊಂದು ಪೊರೆ, ಅದರ ಹೊರಗೆ ಗಟ್ಟಿ ಗೋಡೆ. ಅಷ್ಟು ಚಿಕ್ಕ ಮೈಗೆ ಹೊರಮೈ ಧಾರಾಳ, ದೂರ ಅನ್ನುವುದೇ ಇಲ್ಲ. ಹಾಗಾಗಿ ತಿನ್ನುವುದೂ ವೇಗ, ಬೆಳೆಯುವುದೂ ವೇಗ. ಕರುಳಿನಲ್ಲಿರುವ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾಕ್ಕೆ ಎಲ್ಲ ಅನುಕೂಲ ಇದ್ದರೆ ಇಪ್ಪತ್ತು ನಿಮಿಷದಲ್ಲಿ ಒಂದು ಎರಡಾಗುತ್ತದೆ. ಪಲ್ಪ್ ಮಾಡಿದ, ಅಂದರೆ ಹಣ್ಣಿನ ಸಿಪ್ಪೆ ತೆಗೆದ ಕಾಫಿಯನ್ನು ತೊಟ್ಟಿಯಲ್ಲಿ ಬಿಟ್ಟರೆ ಕೈಗೆ ಜಾರುವ ಆ ಲೋಳೆ ಮಾರನೇ ದಿನ ಸಡಿಲವಾಗುವುದು ಬ್ಯಾಕ್ಟೀರಿಯಾ, ಯೀಸ್ಟ್ ಸೇರಿ ಮಾಡುವ ಕೆಲಸದಿಂದ.

ಇನ್ನು ಗಿಡದ ಕೋಶ. ಇದನ್ನು ಓದಿ ತಿಳಿಯುವುದಕ್ಕಿಂತ ನೋಡುವುದು ವಾಸಿ. ನಮ್ಮ ಕಡೆ ಎಷ್ಟೋ ಮನೆಗಳ ಅಂಗಳದಲ್ಲಿ ರಿಯೋ ಗಿಡ ಇರುತ್ತದೆ, ಎಲೆಯ ಮೇಲೆ ಹಸಿರು, ಅಡಿಯಲ್ಲಿ ನೇರಳೆ. ಪಿಯುಸಿ ಪ್ರಾಕ್ಟಿಕಲ್‌ಗೆ ಮಕ್ಕಳು ಹರಿಯುವುದು ಅದನ್ನೇ. ಎಲೆಯನ್ನು ಓರೆಯಾಗಿ ಮುರಿದು ಎಳೆದರೆ ಅಡಿಯ ಸಿಪ್ಪೆ ತೆಳ್ಳಗೆ, ಗಾಜಿನ ಕಾಗದದ ಹಾಗೆ ಬರುತ್ತದೆ. ಒಂದು ಹನಿ ನೀರಲ್ಲಿಟ್ಟು ನೋಡಿ. ನಾವು ನೋಡಿದ್ದು ಫೋಲ್ಡ್‌ಸ್ಕೋಪ್‌ನಲ್ಲಿ, ಸ್ಟ್ಯಾನ್‌ಫೋರ್ಡ್‌ನ ಮನು ಪ್ರಕಾಶ್ ಅವರ ತಂಡ ಮಾಡಿದ ಕಾಗದದ ಮೈಕ್ರೋಸ್ಕೋಪು. ಲೇವನ್‌ಹುಕ್‌ನದ್ದರ ಹಾಗೇ ಒಂದೇ ಒಂದು ಪುಟ್ಟ ಲೆನ್ಸು, 140 ಪಟ್ಟು ದೊಡ್ಡದು ಮಾಡುತ್ತದೆ. ಕಿಟಕಿಯ ಬೆಳಕಿಗೆ ಹಿಡಿದರೆ ಆರು ಮೂಲೆಯ ನೇರಳೆ ಕೋಣೆಗಳು ಒಂದಕ್ಕೊಂದು ಅಂಟಿಕೊಂಡು ಕಾಣುತ್ತವೆ. ನಡುನಡುವೆ ನೇರಳೆ ಇಲ್ಲದ ಜಾಗದಲ್ಲಿ ಹಸಿರು ತುಟಿಗಳ ಜೋಡಿ. ಗಿಡ ಉಸಿರಾಡುವ ಪತ್ರರಂಧ್ರ ಅದು. ಕಾಫಿ ಎಲೆಯಲ್ಲೂ ಇಂಥವೇ ಇವೆ, ಅಡಿಭಾಗದಲ್ಲಿ. ತುಕ್ಕು ರೋಗದ ಶಿಲೀಂಧ್ರ ಒಳಗೆ ನುಗ್ಗುವುದು ಇಲ್ಲಿಂದಲೇ. ಈ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಎಲೆಯ ಅಡಿಗೆ ಬೀಳುವ ಹಾಗೆ ಹೊಡೀರಿ ಅಂತ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಗಂಟಲು ಹರಿದುಕೊಳ್ಳುವುದು ಯಾಕೆ ಅಂತ ಇಲ್ಲಿ ಗೊತ್ತಾಗುತ್ತದೆ.

ಈಗ ಒಂದು ಕಡೆಯಿಂದ ಉಪ್ಪುನೀರಿನ ಹನಿ ಬಿಟ್ಟು ಇನ್ನೊಂದು ಕಡೆಯಿಂದ ಕಾಗದದಲ್ಲಿ ನೀರು ಹೀರಿ. ನಿಮಿಷಗಳಲ್ಲಿ ನೇರಳೆ ಬಣ್ಣ ಮೂಲೆಗಳಿಂದ ಹಿಂದೆ ಸರಿಯಲು ಶುರುಮಾಡುತ್ತದೆ. ಗೋಡೆ ನಿಂತಲ್ಲೇ ನಿಂತಿರುತ್ತದೆ, ಆರು ಮೂಲೆಯೂ ಹಾಗೇ ಇರುತ್ತದೆ, ಒಳಗಿನದು ಮಾತ್ರ ಮುದುಡಿ ದುಂಡಗಾಗುತ್ತದೆ. "ಅಯ್ಯೋ, ಬಿಟ್ಟುಬಂತು!" ಅಂತ ಹುಡುಗಿ ಕೂಗಿದಳು. ಪಠ್ಯದಲ್ಲಿ ಗೋಡೆ ಬೇರೆ, ಪೊರೆ ಬೇರೆ ಅಂತ ಬಾಯಿಪಾಠ ಮಾಡಿದ್ದು ಕಣ್ಣೆದುರು ಆಗುತ್ತಿತ್ತು. ತಕ್ಷಣ ಸಪ್ಪೆ ನೀರು ಬಿಟ್ಟರೆ ನೇರಳೆ ಮತ್ತೆ ಹಿಗ್ಗಿ ಗೋಡೆಗೆ ಅಂಟುತ್ತದೆ. ಜಾಸ್ತಿ ಹೊತ್ತು ಉಪ್ಪಿನಲ್ಲೇ ಬಿಟ್ಟರೆ ವಾಪಸ್ ಬರುವುದಿಲ್ಲ, ಸತ್ತಿರುತ್ತದೆ.

ಆ ನೇರಳೆ ಇರುವುದು ರಸದಾನಿಯಲ್ಲಿ, ಅಂದರೆ ನೀರು, ಲವಣ, ಬಣ್ಣ ತುಂಬಿದ ದೊಡ್ಡ ಚೀಲದಲ್ಲಿ. ಬಲಿತ ಗಿಡದ ಕೋಶದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನವರೆಗೂ ಜಾಗ ಹಿಡಿಯುವುದು ಇದೇ. ಜೀವರಸ, ಕೋಶಕೇಂದ್ರ, ಪತ್ರಹರಿತ್ತಿನ ಕಣಗಳು ಎಲ್ಲ ಗೋಡೆಗೆ ಒತ್ತಿಕೊಂಡು ತೆಳು ಪದರವಾಗಿ ಕೂತಿರುತ್ತವೆ. ನಾನು ಹೇಳಿದ ಗುಟ್ಟು ಇಲ್ಲೇ ಇದೆ. ಗಿಡದ ಕೋಶ ಪ್ರಾಣಿಯದ್ದಕ್ಕಿಂತ ಸಾಮಾನ್ಯವಾಗಿ ದೊಡ್ಡದು, 100 ಮೈಕ್ರಾನ್‌ವರೆಗೂ ಹೋಗುತ್ತದೆ ನಿಜ. ಆದರೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ದೊಡ್ಡದಾಗಿದ್ದು ಅದು. ಜೀವ ಇರುವ ಭಾಗ ಅಷ್ಟೇ ತೆಳ್ಳಗಿದೆ.

ಕೋಶಕೇಂದ್ರಕ್ಕೆ ಆ ಹೆಸರು ಕೊಟ್ಟ ರಾಬರ್ಟ್ ಬ್ರೌನ್ 1831ರಲ್ಲಿ ಅದನ್ನು ಗಮನಿಸಿದ್ದು ಆರ್ಕಿಡ್‌ಗಳಲ್ಲಿ, ನಮ್ಮ ತೋಟದ ನೆರಳುಮರಗಳ ಮೇಲೆ ತಂತಾನೇ ಬೆಳೆಯುವ ಸೀತಾಳೆ ದಂಡೆಯ ಬಳಗ. ರಿಯೋ ಕುಲದ ಇನ್ನೊಂದು ಗಿಡದ ಹೂವಿನ ಕೂದಲುಗಳನ್ನೂ ಅವನು ನೋಡಿದ್ದ.

ಪ್ರಾಣಿಯ ಕೋಶಕ್ಕೆ ಗೋಡೆ ಇಲ್ಲ, ಬರೀ ಪೊರೆ. ಒಂದು ಹನಿ ರಕ್ತವನ್ನು ಸಪ್ಪೆ ನೀರಿಗೆ ಹಾಕಿದರೆ ಕಣಗಳು ನೀರು ಕುಡಿದು ಒಡೆದೇಹೋಗುತ್ತವೆ. ಗಿಡದ ಕೋಶ ಒಡೆಯುವುದಿಲ್ಲ, ಗೋಡೆ ತಡೆಯುತ್ತದೆ, ಬಿಗಿಯಾಗಿ ನಿಲ್ಲುತ್ತದೆ ಅಷ್ಟೇ. ಜಿಗಣೆಗೆ ಉಪ್ಪು ಹಾಕಿದಾಗ ಆಗುವುದು ರಿಯೋ ಎಲೆಗೆ ಆದದ್ದೇ. ಅಲ್ಲಿ ಆಕಾರ ಹಿಡಿದಿಡಲು ಗೋಡೆ ಇಲ್ಲದ್ದರಿಂದ ಇಡೀ ಜಿಗಣೆಯೇ ಮುದುಡಿ ಉದುರುತ್ತದೆ. ಮಳೆಗಾಲದಲ್ಲಿ ತೋಟಕ್ಕೆ ಹೋಗುವಾಗ ಉಪ್ಪಿನ ಗಂಟು ಕಟ್ಟಿಕೊಂಡು ಹೋಗುವವರಿಗೆ ಯಾರೂ ಈ ಪಾಠ ಹೇಳಿಕೊಟ್ಟಿಲ್ಲ.

ಕೋಶದೊಳಗಿನ ಕೋಣೆಗಳು ಎಷ್ಟು ಮುಖ್ಯ ಅಂತ ತಿಳಿಯಬೇಕಾದರೆ ಕಣಿಲೆ ಹೆಚ್ಚುವವರನ್ನು ಕೇಳಿ. ಎಳೆ ಬಿದಿರಿನ ಮೊಳಕೆಯಲ್ಲಿ ಸಯನೈಡ್ ಹೊರಡಿಸಬಲ್ಲ ಟ್ಯಾಕ್ಸಿಫಿಲಿನ್ ಅನ್ನುವ ವಸ್ತು ಇದೆ. ಅದನ್ನು ಒಡೆಯುವ ಕಿಣ್ವವೂ ಅದೇ ಮೊಳಕೆಯಲ್ಲಿದೆ. ಮೊಳಕೆ ಇಡಿಯಾಗಿ ಇರುವವರೆಗೆ ಅದೊಂದು ಕಡೆ, ಇದೊಂದು ಕಡೆ, ಗಿಡಕ್ಕೆ ಏನೂ ತೊಂದರೆ ಇಲ್ಲ. ಹಲ್ಲೋ ಕತ್ತಿಯೋ ಬಿದ್ದಾಗ ಕೋಣೆಗಳು ಒಡೆಯುತ್ತವೆ, ಎರಡೂ ಸೇರುತ್ತವೆ, ವಿಷ ಹುಟ್ಟುತ್ತದೆ. ನಮ್ಮ ಅಜ್ಜಿಯಂದಿರು ಸಣ್ಣಗೆ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸಿ, ಎರಡು ಮೂರು ದಿನ ನೆನೆಸಿ, ಆಮೇಲೆ ಬೇಯಿಸುತ್ತಿದ್ದರು. ಸಣ್ಣಗೆ ಹೆಚ್ಚಿದಷ್ಟೂ ಕೋಶ ಜಾಸ್ತಿ ಒಡೆಯುತ್ತದೆ, ಆ ವಿಷವೆಲ್ಲ ತಟ್ಟೆಗೆ ಬರುವ ಮೊದಲೇ ಹುಟ್ಟಿ ನೀರಿಗೂ ಗಾಳಿಗೂ ಹೋಗುತ್ತದೆ. ಆತುರಕ್ಕೆ ಆ ನೆನೆಸುವ ಕೆಲಸ ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕೊಡವರ ಕಕ್ಕಡ ತಿಂಗಳ 18ನೇ ದಿನ ಮಾಡುವ ಮದ್ದುಸೊಪ್ಪಿನ ಪಾಯಸವೂ ಅಂಥದ್ದೇ. ಹಸಿ ಸೊಪ್ಪನ್ನು ತಣ್ಣೀರಲ್ಲಿ ಇಟ್ಟರೆ ಬಣ್ಣ ಬಿಡಲು ಮುನಿಸಿಕೊಳ್ಳುತ್ತದೆ. ಕುದಿಸಿದರೆ ನೀರು ಕಡು ನೇರಳೆ. ಬಿಸಿಗೆ ಪೊರೆಗಳು ಕೆಡುತ್ತವೆ, ಒಳಗೆ ಹಿಡಿದಿಟ್ಟದ್ದೆಲ್ಲ ಹೊರಗೆ. ಗೋಡೆ ಮಾತ್ರ ಉಳಿಯುತ್ತದೆ, ಅದಕ್ಕೇ ಬೆಂದ ಮೇಲೂ ಎಲೆ ಎಲೆಯಾಗಿಯೇ ಇರುತ್ತದೆ. ಹದಿನೆಂಟು ಔಷಧಿ ಆ ದಿನವೇ ಸೇರುತ್ತದೆ ಅನ್ನುವುದು ನಂಬುವವರಿಗೆ ಬಿಟ್ಟದ್ದು. ಮಾರನೇ ದಿನ ಮೂತ್ರ ಕೆಂಪಾಗಿದ್ದು ನೋಡಿ ಹೊಸಬರು ಗಾಬರಿಯಾಗುವುದು ಮಾತ್ರ ಪ್ರತಿ ವರ್ಷದ ಮನರಂಜನೆ.

ದೊಡ್ಡ ಕೋಶಗಳ ವಿಷಯಕ್ಕೆ ವಾಪಸ್ ಬರುತ್ತೇನೆ. ಕಿತ್ತಳೆ ತೊಳೆಯ ಒಳಗಿನ ಒಂದೊಂದು ರಸದ ಎಸಳೂ ಒಂದೇ ಕೋಶ ಅಂತ ಕೆಲವರು ಹೇಳುತ್ತಾರೆ, ಅದು ಸರಿಯಲ್ಲ, ಅದರಲ್ಲಿ ಬಹಳ ಕೋಶಗಳಿವೆ. ಕೋಳಿಮೊಟ್ಟೆಯ ಹಳದಿ ಬೇರೆ. ಹುಂಜ ಸೇರದ ಮೊಟ್ಟೆಯಲ್ಲಿ ಅಷ್ಟೂ ಒಂದೇ ಕೋಶ. ಆದರೆ ಜೀವ ಇರುವುದು ಅದರ ಮೇಲಿನ ಪುಟ್ಟ ಬಿಳಿ ಚುಕ್ಕೆಯಲ್ಲಿ, ಉಳಿದದ್ದೆಲ್ಲ ಮರಿಗೆ ಇಟ್ಟ ದಾಸ್ತಾನು. 2022ರಲ್ಲಿ ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾದ ವರದಿ ಬಂತು, ಥಿಯೋಮಾರ್ಗರಿಟಾ ಮ್ಯಾಗ್ನಿಫಿಕಾ ಅಂತ. ಸುಮಾರು ಒಂದು ಸೆಂಟಿಮೀಟರ್ ಉದ್ದ, ಬರಿಗಣ್ಣಿಗೆ ಬಿಳಿ ದಾರದ ಹಾಗೆ ಕಾಣುತ್ತದೆ. ಬ್ಯಾಕ್ಟೀರಿಯಾ ಇಷ್ಟು ಉದ್ದ ಹೇಗೆ ಅಂತ ನೋಡಿದರೆ ಒಳಗೆ ಹೆಚ್ಚಿನ ಭಾಗ ರಸದಾನಿಯಂಥ ಚೀಲ, ಜೀವರಸ ಅಂಚಿನಲ್ಲಿ ತೆಳ್ಳಗೆ. ರಿಯೋ ಎಲೆ ಮಾಡಿದ ಉಪಾಯವನ್ನೇ ಇದೂ ಮಾಡಿದೆ!

ನಮ್ಮ ಮರಗಳೂ ಹೀಗೇ. 1665ರಲ್ಲಿ ಹುಕ್ ಮೊದಲು ಕಂಡ ಕೋಶಗಳು ಓಕ್ ಜಾತಿಯ ಒಂದು ಮರದ ತೊಗಟೆಯದ್ದು, ಬಿರಡೆ ಮಾಡುವ ಕಾರ್ಕ್. ಜೀವ ಹೋಗಿ ಖಾಲಿಯಾದ ಗೋಡೆಗಳು ಮಾತ್ರ ಅವು. ಎರಡಾಳು ತಬ್ಬುವ ಹಲಸಿನ ಮರದಲ್ಲೂ ಚೇಗು ಪೂರ್ತಿ ಸತ್ತ ಕೋಶ. ಹೊಸ ಕೋಶ ಹುಟ್ಟುವುದು ತೊಗಟೆಗೂ ಮರಕ್ಕೂ ನಡುವೆ ಇರುವ, ಉಗುರಿಗಿಂತ ತೆಳು ಪದರದಲ್ಲಿ. ತೊಗಟೆಯನ್ನು ಸುತ್ತ ಉಂಗುರದ ಹಾಗೆ ಕೆತ್ತಿಬಿಟ್ಟರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದಿಲ್ಲ, ಎಂಥ ಮರವೂ ಒಣಗುತ್ತದೆ.

ಅರೇಬಿಕಾ ಕಾಫಿ ಗಿಡದ ಬಿಳಿ ಕಾಂಡಕೊರಕ ಹುಳಕ್ಕೆ ಇದು ನಮಗಿಂತ ಚೆನ್ನಾಗಿ ಗೊತ್ತು. ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳ ಮೊದಲು ಮೇಯುವುದು ತೊಗಟೆಯ ಅಡಿಯ ಆ ಹಸಿ ಪದರವನ್ನೇ, ಆಮೇಲೆ ಗಟ್ಟಿ ಮರಕ್ಕೆ ಇಳಿಯುತ್ತದೆ. ಕಾಂಡದ ಮೇಲೆ ಉಬ್ಬು ಕಾಣುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಅದಕ್ಕೇ ದುಂಬಿ ಹಾರುವ ಕಾಲಕ್ಕೆ ಮುಂಚೆ ತೆಂಗಿನ ನಾರಿನ ಕೈಚೀಲ ಹಾಕಿಕೊಂಡು ಗಿಡದ ಕಾಂಡ ಉಜ್ಜಿಸುತ್ತಾರೆ, ಮೊಟ್ಟೆ ಇಡಲು ಬಿರುಕು ಉಳಿಯದ ಹಾಗೆ. ಉಜ್ಜುವಾಗ ಹಸಿರು ಕಾಣುವಷ್ಟು ಕೆರೆಯಬೇಡಿ ಅಂತ ಹೇಳಿಯೇ ಹೇಳುತ್ತಾರೆ. ಅಷ್ಟು ಆಳು ಸಿಗದೆ, ಕಿತ್ತು ಸುಟ್ಟು ಸಾಕಾಗಿ, ಅರೇಬಿಕಾ ತೆಗೆದು ರೋಬಸ್ಟಾ ಹಾಕಿದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ.